ಮದುವೆಯಲ್ಲಿ ಹೆಣ್ಣಿನ ಜೊತೆ ನಿಂತ ಗೆಳತಿಯರಿಗೆ ಏನು ಕೊಡೋದು? ಕಳಸಗಿತ್ತಿಯಿಂದ ಬ್ರೈಡ್ಸ್‌ಮೇಡ್‌ವರೆಗೆ ಪೂರ್ತಿ ಮಾಹಿತಿ

ಮಾರೇನಹಳ್ಳಿ: ಮದುವೆ ಸೀಸನ್ ಶುರುವಾದರೆ ಮಾರೇನಹಳ್ಳಿ, ವಿಜಯನಗರ, ಗೋವಿಂದರಾಜನಗರದ ಕಲ್ಯಾಣ ಮಂಟಪಗಳಲ್ಲಿ ಊಟ ಮುಗಿಸಿ ಹೊರಡುವ ಪ್ರತಿಯೊಬ್ಬರ ಕೈಯಲ್ಲೂ ಒಂದು ತಾಂಬೂಲದ ಬ್ಯಾಗು ಇರುತ್ತೆ. ತೆಂಗಿನಕಾಯಿ, ಎಲೆ ಅಡಿಕೆ, ಇನ್ನೊಂದು ಏನಾದರೂ ಸಣ್ಣದು. ಆದರೆ ಎರಡು ಮೂರು ದಿನದಿಂದ ಹೆಣ್ಣಿನ ಜೊತೆಗೇ ಇದ್ದು, ಮೆಹಂದಿ ಒಣಗೋವರೆಗೂ ಅವಳ ಬಾಯಿಗೆ ತುತ್ತು ಇಟ್ಟು, ಸೀರೆ ನೆರಿಗೆ ಹಿಡಿದು, ಅವಳ ಫೋನು, ಒಡವೆ ಡಬ್ಬ ಎರಡನ್ನೂ ಕಾದ ಗೆಳತಿಯರಿಗೆ ಏನು ಸಿಗುತ್ತೆ? ಅದೇ ಬ್ಯಾಗು. ಕೆಲವು ಸಲ ಅದೂ ಇಲ್ಲ, ಯಾಕಂದ್ರೆ ಬ್ಯಾಗು ಹಂಚೋಕೆ ನಿಂತವರೇ ಅವರು. ಕೊನೆಗೆ ಬ್ಯಾಗು ಖಾಲಿಯಾದಾಗ ಖಾಲಿ ಕೈಯಲ್ಲಿ ಹೋಗೋರೂ ಅವರೇ.

ಈಗ ರೀಲ್ಸ್ ನೋಡಿ 'ಬ್ರೈಡ್ಸ್‌ಮೇಡ್' ಅನ್ನೋ ಮಾತು ನಮ್ಮ ಕಡೆಗೂ ಬಂದಿದೆ. ಒಂದೇ ಬಣ್ಣದ ಸೀರೆ ಉಟ್ಟ ನಾಲ್ಕೈದು ಹುಡುಗಿಯರು ಹೆಣ್ಣಿನ ಅಕ್ಕಪಕ್ಕ ನಡೆದು ಬರೋದು, ಅವಳ ತಲೆ ಮೇಲೆ ಹೂವಿನ ಚಾದರ ಹಿಡಿಯೋದು ಮಂಟಪಗಳಲ್ಲಿ ಮಾಮೂಲಾಗಿದೆ. ಪದ್ಧತಿ ಬಂತು, ಅದರ ಜೊತೆ ಬರಬೇಕಾದ ಕೃತಜ್ಞತೆಯ ಲೆಕ್ಕ ಮಾತ್ರ ಬಂದಿಲ್ಲ. ಏನು ಕೊಡಬಹುದು, ಎಲ್ಲಿ ಸಿಗುತ್ತೆ, ಯಾವುದು ಕೊಡಬಾರದು, ಯಾವಾಗ ಕೊಡಬೇಕು ಅನ್ನೋ ಮಾಹಿತಿ ಇಲ್ಲಿದೆ. ಅಂಗಡಿಯವರಿಗೂ ಒಂದೆರಡು ಮಾತಿದೆ.

ಕಳಸಗಿತ್ತಿ ಅಂದ್ರೆ ಯಾರು?

ಇದು ಪೂರ್ತಿ ಹೊರಗಿನಿಂದ ಬಂದದ್ದು ಅಂತ ಹೇಳೋಕಾಗಲ್ಲ. ಹಳೇ ಮೈಸೂರು ಕಡೆಯ ಮದುವೆಗಳಲ್ಲಿ ಕಳಸಗಿತ್ತಿ ಅಂತ ಒಬ್ಬಳು ಇದ್ದೇ ಇರ್ತಾಳೆ. ಕಳಸ ಹಿಡಿದು ಶಾಸ್ತ್ರದ ಉದ್ದಕ್ಕೂ ಜೊತೆಗೆ ನಿಲ್ಲೋಳು ಅವಳು. ಸಾಮಾನ್ಯವಾಗಿ ತಂಗಿ, ನಾದಿನಿ ಅಥವಾ ಹತ್ತಿರದ ನೆಂಟರ ಹುಡುಗಿ. ಯಾರು ಆಗಬೇಕು ಅನ್ನೋದು ಮನೆತನದಿಂದ ಮನೆತನಕ್ಕೆ ಬೇರೆ ಇರುತ್ತೆ. ಜವಳಿ ತೆಗೆಯೋಕೆ ಹೋದಾಗ ಕಳಸಗಿತ್ತಿಗೆ ಒಂದು ಸೀರೆ ಅಂತ ಹಿರಿಯರು ಪಟ್ಟಿಯಲ್ಲೇ ಬರೆದಿಟ್ಟಿರ್ತಾರೆ. ಅಂದ್ರೆ ಜೊತೆ ನಿಂತವಳಿಗೆ ಬೇರೆಯಾಗಿ, ಹೆಸರಿಟ್ಟು ಕೊಡೋದು ನಮ್ಮಲ್ಲೇ ಇದ್ದ ಕ್ರಮ.

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮದುವೆಗಳಲ್ಲಿ ಹೆಣ್ಣಿನ ಪಕ್ಕ ನಿಲ್ಲೋ ಹುಡುಗಿಗೆ ಧೆಡಿ ಅಂತ ಹೆಸರಿದೆ. ಉತ್ತರ ಕರ್ನಾಟಕದಲ್ಲಿ ಬಟ್ಟೆ ಕೊಟ್ಟು ಗೌರವಿಸೋದಕ್ಕೆ ಆಹೇರಿ ಅಂತಾರೆ. ಪಾಶ್ಚಾತ್ಯ ಮದುವೆಗಳಲ್ಲಿ ಮದುವೆಯ ಹಿಂದಿನ ಸಂಜೆ ಊಟಕ್ಕೆ ಸೇರಿದಾಗ ಹೆಣ್ಣು ತನ್ನ ಗೆಳತಿಯರಿಗೆ ಸಣ್ಣ ಒಡವೆಯನ್ನೋ ಮತ್ತೊಂದನ್ನೋ ಕೈಗೆ ಕೊಡೋ ಅಭ್ಯಾಸ ಇದೆ.

ನಮ್ಮಲ್ಲಿ ತೊಂದರೆ ಆಗಿರೋದು ಎಲ್ಲಿ ಅಂದ್ರೆ, ಕಳಸಗಿತ್ತಿ ನೆಂಟರ ಹುಡುಗಿ, ಹಾಗಾಗಿ ಅವಳು ಪಟ್ಟಿಯಲ್ಲಿ ಬರ್ತಾಳೆ. ಕಾಲೇಜಿನ ಗೆಳತಿ, ಆಫೀಸಿನ ಗೆಳತಿ, ಪಕ್ಕದ ಮನೆ ಹುಡುಗಿ ನೆಂಟರಲ್ಲ. ಅವರ ಹೆಸರು ಹಿರಿಯರ ಪಟ್ಟಿಗೆ ಬರೋದೇ ಇಲ್ಲ. ಆ ಪಟ್ಟಿಯನ್ನ ಹೆಣ್ಣೇ ಬರೀಬೇಕು.

ಮೊದಲು ಅವರ ಖರ್ಚು ಲೆಕ್ಕ ಹಾಕಿ

ಉಡುಗೊರೆ ಬಗ್ಗೆ ಯೋಚಿಸೋಕೂ ಮುಂಚೆ ಇದೊಂದು ಲೆಕ್ಕ ಮಾಡಬೇಕು. ಎಲ್ಲರೂ ಒಂದೇ ಬಣ್ಣದ ಸೀರೆ ಉಡಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕೋದು ಸುಲಭ. ಆದರೆ ಆ ಸೀರೆ, ಅದಕ್ಕೆ ಬ್ಲೌಸ್ ಹೊಲಿಗೆ, ಫಾಲು, ಜಿಗ್‌ಜ್ಯಾಗು, ಮ್ಯಾಚಿಂಗ್ ಬಳೆ, ಬೆಳಗ್ಗೆ ಐದಕ್ಕೆ ಬರೋಕೆ ಆಟೋ, ಎರಡು ದಿನ ರಜೆ, ಇದೆಲ್ಲ ಯಾರ ಕೈಯಿಂದ? ಗಾರ್ಮೆಂಟ್ಸ್‌ನಲ್ಲೋ ಅಂಗಡಿಯಲ್ಲೋ ಕೆಲಸ ಮಾಡೋ ಹುಡುಗಿಗೆ ಎರಡು ದಿನದ ರಜೆ ಅಂದ್ರೆ ಎರಡು ದಿನದ ಸಂಬಳ ಹೋದ ಹಾಗೆ. ಗೆಳತಿ ಮದುವೆ, ಬೇಡ ಅನ್ನೋಕಾಗಲ್ಲ. ಸಾಲ ಮಾಡಿ ಸೀರೆ ತಗೊಂಡು ನಗುನಗುತ್ತಾ ಫೋಟೋಗೆ ನಿಲ್ತಾಳೆ.

ಹಾಗಾಗಿ ಕ್ರಮ ಹೀಗಿರಲಿ. ಇಂಥದ್ದೇ ಬಣ್ಣ, ಇಂಥದ್ದೇ ಡಿಸೈನು ಅಂತ ಹೆಣ್ಣು ಹೇಳಿದ್ರೆ ಅದರ ದುಡ್ಡು ಹೆಣ್ಣಿನ ಮನೆಯವರೇ ಕೊಡಬೇಕು, ಹೊಲಿಗೆಯನ್ನೂ ಸೇರಿಸಿ. ಅದನ್ನ ಉಡುಗೊರೆ ಅಂತ ಲೆಕ್ಕ ಹಿಡಿಯೋಕೂ ಬರಲ್ಲ. ಅದು ಯೂನಿಫಾರ್ಮು. ಅಷ್ಟು ದುಡ್ಡು ಇಲ್ಲ ಅಂದ್ರೆ 'ಯಾರ ಹತ್ರ ಯಾವ ಹಸಿರು ಸೀರೆ ಇದೆಯೋ ಅದನ್ನೇ ಉಟ್ಕೊಂಡು ಬನ್ನಿ' ಅಂದ್ರೆ ಆಯ್ತು. ನಿಜ ಹೇಳಬೇಕಂದ್ರೆ ಐದು ಥರದ ಹಸಿರು ಫೋಟೋದಲ್ಲಿ ಇನ್ನೂ ಚೆನ್ನಾಗೇ ಕಾಣುತ್ತೆ.

ಬಜೆಟ್ ಎಲ್ಲಿಂದ ತರೋದು ಅನ್ನೋರಿಗೆ ಒಂದು ಲೆಕ್ಕ. 400 ತಾಂಬೂಲದ ಬ್ಯಾಗು ಮಾಡಿಸ್ತೀರಿ ಅಂದ್ಕೊಳ್ಳಿ. ಒಂದೊಂದರಲ್ಲೂ 10 ರೂಪಾಯಿ ಕಮ್ಮಿ ಮಾಡಿದ್ರೆ 4,000 ರೂಪಾಯಿ ಉಳಿಯುತ್ತೆ. ಯಾರಿಗೂ ಬೇಡದ ಆ ಪ್ಲಾಸ್ಟಿಕ್ ಬಟ್ಟಲು ಬಿಟ್ಟರೆ ಸಾಕು. ಐದು ಜನ ಗೆಳತಿಯರಿಗೆ ತಲಾ 800 ಆಯ್ತು. ಬಂದ 400 ಜನರಲ್ಲಿ ಬಟ್ಟಲು ಎಲ್ಲಿ ಅಂತ ಕೇಳೋರು ಒಬ್ಬರೂ ಇರಲ್ಲ.

ಇನ್ನೊಂದು ಕಡೆ, ತೀರಾ ದುಬಾರಿಯದ್ದೂ ಕೊಡಬಾರದು. ನಮ್ಮಲ್ಲಿ ಮುಯ್ಯಿ ಅನ್ನೋದು ಇದೆ. ಕೊಟ್ಟದ್ದನ್ನ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಶುಭಕಾರ್ಯಕ್ಕೆ ಅಷ್ಟೇ ತೂಕದ್ದು ವಾಪಸ್ ಮಾಡೋ ಪದ್ಧತಿ. ನೀವು ಇವತ್ತು ಗೆಳತಿಗೆ 5,000 ರೂಪಾಯಿ ಒಡವೆ ಕೊಟ್ಟರೆ ಅವಳ ಅಮ್ಮ ಅವತ್ತು ರಾತ್ರಿಯೇ 'ನಾವು ಇವರಿಗೆ ಏನು ಮಾಡೋದು' ಅಂತ ಲೆಕ್ಕ ಶುರು ಮಾಡ್ತಾರೆ. ಅವರ ಮನೆಗೆ ಭಾರ ಆಗದ ಹಾಗೆ ಇರಬೇಕು.

ಯಾವಾಗ ಕೊಡಬೇಕು? ಇದೇ ಮುಖ್ಯ

ಬಹಳ ಜನ ಏನು ಕೊಡೋದು ಅಂತ ತಲೆ ಕೆಡಿಸ್ಕೊಳ್ತಾರೆ, ಯಾವಾಗ ಕೊಡೋದು ಅನ್ನೋದನ್ನ ಯೋಚಿಸಲ್ಲ. ಅಸಲಿ ಪೆಟ್ಟು ಬೀಳೋದು ಅಲ್ಲೇ.

ಮಂಟಪದಲ್ಲಿ ಅರಿಶಿನ ಕುಂಕುಮ, ಬಾಗಿನ, ಮಡಿಲಕ್ಕಿ ಎಲ್ಲ ಮುತ್ತೈದೆಯರ ಲೆಕ್ಕದಲ್ಲಿ ನಡೆಯುತ್ತೆ. ಗಂಡ ತೀರಿಹೋದವರು, ಗಂಡನನ್ನ ಬಿಟ್ಟು ಬಂದವರು ತಾವಾಗಿಯೇ ಹಿಂದಿನ ಸಾಲಿಗೆ ಸರಿದು ಕೂರ್ತಾರೆ. ಹೆಣ್ಣಿನ ಜೊತೆ ಓದಿದವಳು 27, 28ಕ್ಕೇ ಗಂಡನನ್ನ ಕಳ್ಕೊಂಡಿರಬಹುದು. ಅವಳೇ ಮೂರು ದಿನ ಓಡಾಡಿ ಹೂವು, ಮೇಕಪ್ಪು, ಊಟ ಎಲ್ಲ ನೋಡ್ಕೊಂಡಿರ್ತಾಳೆ. ಕೊನೆಗೆ ತಟ್ಟೆ ಹಿಡಿದು ಅರಿಶಿನ ಕುಂಕುಮ ಕೊಡ್ತಾ ಬಂದವರು ಅವಳ ಹತ್ರ ಬಂದಾಗ ಒಂದು ಕ್ಷಣ ನಿಂತು, ಪಕ್ಕದವಳಿಗೆ ಹೋಗ್ತಾರೆ. ಉಡುಗೊರೆಯೂ ಅದೇ ತಟ್ಟೆಯಲ್ಲಿದ್ದರೆ ಅದೂ ಪಕ್ಕದವಳಿಗೆ ಹೋಗುತ್ತೆ. ಮಾರನೇ ದಿನ 'ಅಯ್ಯೋ, ನಿನಗೆ ಬೇರೆ ಇಟ್ಟಿದ್ದೆ ಕಣೇ' ಅಂತ ಕೊಟ್ಟರೆ ಅದು ಮುಟ್ಟಬೇಕಾದ ಜಾಗಕ್ಕೆ ಮುಟ್ಟಲ್ಲ.

ಶಾಸ್ತ್ರದ ವಿಷಯದಲ್ಲಿ ಹಿರಿಯರ ಜೊತೆ ಮದುವೆ ದಿನ ಜಗಳ ಮಾಡೋಕಾಗಲ್ಲ, ಮಾಡಿದರೂ ಆ ಗೆಳತಿಗೇ ಇನ್ನಷ್ಟು ಮುಜುಗರ. ಆದರೆ ಉಡುಗೊರೆ ಶಾಸ್ತ್ರ ಅಲ್ಲ. ಅದನ್ನ ಅರಿಶಿನ ಕುಂಕುಮದ ತಟ್ಟೆಯಿಂದ ಹೊರಗೆ ತೆಗೆದುಬಿಡಿ. ಮಂಟಪಕ್ಕೆ ಹೋಗೋ ಮುಂಚೆ, ಬಳೆ ಶಾಸ್ತ್ರದ ಸಂಜೆಯೋ ಮೆಹಂದಿ ಹಾಕಿಸಿಕೊಳ್ಳೋ ದಿನವೋ, ಮನೆಯಲ್ಲೇ, ಗೆಳತಿಯರು ಮಾತ್ರ ಇರೋ ರೂಮಿನಲ್ಲಿ, ಹೆಣ್ಣು ತನ್ನ ಕೈಯಾರೆ ಕೊಡಲಿ. ಮೆಹಂದಿ ಹಾಕಿಸಿಕೊಳ್ಳೋಕೆ ಮುಂಚೆ ಅನ್ನೋದು ನೆನಪಿರಲಿ, ಆಮೇಲೆ ಕೈ ಎತ್ತೋಕಾಗಲ್ಲ. ಅಲ್ಲಿ ಮದುವೆಯಾದವರು, ಆಗದವರು, ಬೇರೆ ಧರ್ಮದವರು ಅಂತ ಯಾರೂ ವಿಂಗಡಿಸಬೇಕಾಗಿಲ್ಲ.

ಬಳೆ ಶಾಸ್ತ್ರದ ಮಾತು ಬಂದಾಗ, ಬಳೆ ತೊಡಿಸೋಕೆ ಬಂದವರಿಗೆ ಮುಂಚೆಯೇ ಹೇಳಿ, ಗೆಳತಿಯರಿಗೆಲ್ಲ ತೊಡಿಸಿ ಅಂತ. ಯಾರನ್ನೂ ಬಿಡಬೇಡಿ.

ಏನು ಕೊಡಬಹುದು

ಬಳೆ: ಎಲ್ಲಕ್ಕಿಂತ ಸುಲಭ, ಆದರೆ ಸೈಜು ತಪ್ಪಿದರೆ ವೇಸ್ಟು. ಅಂಗಡಿಯವರು ಹೇಳೋ 2.4, 2.6 ಅನ್ನೋದು ದಶಮಾಂಶ ಅಲ್ಲ. 2.4 ಅಂದ್ರೆ 2 ಇಂಚು ಮತ್ತು ಒಂದು ಇಂಚಿನ 16 ಭಾಗದಲ್ಲಿ 4 ಭಾಗ, ಅಂದ್ರೆ ಎರಡೂಕಾಲು ಇಂಚು. ಬಳೆಯ ಒಳಗಿನ ಅಗಲವನ್ನ ಸ್ಕೇಲಿನಲ್ಲಿ ಅಳೆದರೆ 2.2ಕ್ಕೆ ಸುಮಾರು 54 ಮಿಲಿಮೀಟರ್, 2.4ಕ್ಕೆ 57, 2.6ಕ್ಕೆ 60, 2.8ಕ್ಕೆ 63.5 ಬರುತ್ತೆ. ಗೆಳತಿಗೆ ಗೊತ್ತಾಗದ ಹಾಗೆ ಅವಳ ಒಂದು ಹಳೇ ಬಳೆ ಅಳೆದುಕೊಂಡರೆ ಕೆಲಸ ಮುಗೀತು. ಚನ್ನಪಟ್ಟಣದ ಮರದ ಬಳೆಗಳು ಹಗುರ, ಬಣ್ಣ ಚೆನ್ನಾಗಿರುತ್ತೆ, ಆಫೀಸಿಗೂ ಹಾಕ್ಕೊಂಡು ಹೋಗಬಹುದು. ಮರವನ್ನ ಕಡೆದು ಅರಗಿನ ಬಣ್ಣ ಹಚ್ಚೋ ಈ ಕೆಲಸಕ್ಕೆ ಭೌಗೋಳಿಕ ಸೂಚ್ಯಂಕ, ಅಂದ್ರೆ ಜಿಐ ಟ್ಯಾಗ್ ಇದೆ. ಕೆಂಗೇರಿಯಿಂದ ಮೈಸೂರು ಕಡೆಯ ರೈಲು ಹತ್ತಿದರೆ ಚನ್ನಪಟ್ಟಣಕ್ಕೇ ಹೋಗಿ ತರಬಹುದು. ಐದಾರು ಜನಕ್ಕೆ ತರೋದಾದ್ರೆ ಹೋಗಿಬಂದ ಖರ್ಚು ಗಿಟ್ಟುತ್ತೆ, ಬೇಕಾದ ಬಣ್ಣವೂ ಸಿಗುತ್ತೆ.

ಸೀರೆ: ಕೊಡೋದಾದ್ರೆ ಉಡೋಕೆ ರೆಡಿ ಇರೋ ಹಾಗೆ ಕೊಡಿ. ಬರೀ ಸೀರೆ ಕೊಟ್ಟರೆ ಫಾಲು, ಹೊಲಿಗೆ ಅಂತ ಅವಳಿಗೆ ಇನ್ನೊಂದು ಖರ್ಚು. ಫಾಲು ಹಾಕಿಸಿ, ಸೆರಗಿಗೆ ಕುಚ್ಚು ಕಟ್ಟಿಸಿ ಕೊಟ್ಟರೆ ಅದರ ಬೆಲೆಯೇ ಬೇರೆ. ಕುಚ್ಚು ಕಟ್ಟೋ ಹೆಣ್ಣುಮಕ್ಕಳು ನಮ್ಮ ಬೀದಿಬೀದಿಯಲ್ಲೂ ಮನೆಯಲ್ಲೇ ಕೂತು ಕೆಲಸ ಮಾಡ್ತಾರೆ, ದುಡ್ಡು ಅವರಿಗೂ ಸೇರುತ್ತೆ. ಸೀಸನ್ ಟೈಮಲ್ಲಿ ಅವರ ಹತ್ರ ಸೀರೆ ರಾಶಿ ಬಿದ್ದಿರುತ್ತೆ, ಹಾಗಾಗಿ ಮೂರು ವಾರ ಮುಂಚೆಯೇ ಕೊಡಬೇಕು.

ಮೈಸೂರು ಸಿಲ್ಕ್ ಗೆಳತಿಯರಿಗೆಲ್ಲ ಕೊಡೋ ಬೆಲೆಯಲ್ಲಿ ಇಲ್ಲ, ಆ ಆಸೆ ಬಿಡಿ. ಇಳಕಲ್ ಸೀರೆಯಲ್ಲಿ ಹತ್ತಿ ಒಡಲು ಇರೋದು ಸಿಗುತ್ತೆ, ಒಡಲು ಮತ್ತು ಸೆರಗಿನ ಎಳೆಗಳನ್ನ ಕೊಂಡಿ ಹಾಕಿ ಸೇರಿಸಿ ನೇಯೋದು ಅದರ ವಿಶೇಷ. ಮದುವೆ ಆದ ಮೇಲೂ ಹತ್ತು ಸಲ ಉಡ್ತಾರೆ. ಕೈಮಗ್ಗದ್ದು ಬೇಕು ಅನ್ನೋರು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ವಿಚಾರಿಸಬಹುದು. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್, ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಅಂತ ಚೀಟಿ ಇರುತ್ತೆ, ಎರಡೂ ಬೇರೆ ಬೇರೆ. ಸಿಲ್ಕ್ ಮಾರ್ಕ್ ಇದ್ದ ತಕ್ಷಣ ಅದು ಕೈಮಗ್ಗದ್ದು ಅಂತ ಅಲ್ಲ.

ಕಸೂತಿ: ಧಾರವಾಡದ ಕಡೆಯ ಕಸೂತಿ ಕೆಲಸ ಇರೋ ದುಪಟ್ಟಾ, ಪರ್ಸು, ಬ್ಲೌಸ್ ಬಟ್ಟೆ ಚೆನ್ನಾಗಿರುತ್ತೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ನಾಲ್ಕು ಹೊಲಿಗೆ ಇದರಲ್ಲಿ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣುತ್ತೆ, ಗಂಟು ಕಾಣಲ್ಲ. ತಿರುಗಿಸಿ ನೋಡಿ, ಹಿಂದೆ ಬಿಳಿ ಅಂಟು ಪೇಪರು, ದಾರದ ಗಂಟು ಕಂಡರೆ ಅದು ಮಷೀನಿನ ಎಂಬ್ರಾಯ್ಡರಿ.

ಬೆಳ್ಳಿ: ಸಣ್ಣ ಓಲೆ, ಕಾಲ್ಗೆಜ್ಜೆ, ಬ್ರೇಸ್‌ಲೆಟ್ ಎಲ್ಲ ಆಗುತ್ತೆ. ಮದುವೆಯಾಗದ ಹುಡುಗಿಗೆ ಕಾಲುಂಗುರ ಕೊಡಬಾರದು ಅನ್ನೋದು ಎಲ್ಲರಿಗೂ ಗೊತ್ತು, ಆದರೂ 'ಸೆಟ್' ಅಂತ ಬಾಕ್ಸ್ ತಗೊಂಡಾಗ ಅದರೊಳಗೆ ಬಂದುಬಿಡುತ್ತೆ, ತೆಗೆದು ನೋಡಿ. ಬೆಳ್ಳಿ ರೇಟು ದಿನಾ ಬದಲಾಗುತ್ತೆ, ತೂಕ ಎಷ್ಟು, ಮೇಕಿಂಗ್ ಎಷ್ಟು ಅಂತ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಅದರ ಮೇಲೆ ಶೇ. 3 ಜಿಎಸ್‌ಟಿ. 925 ಅಂತ ಮುದ್ರೆ ಇದ್ದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಅಂತ ಅರ್ಥ. ಹಾಲ್‌ಮಾರ್ಕ್ ನಂಬರ್ ಇದ್ದರೆ ಬಿಐಎಸ್ ಕೇರ್ ಅನ್ನೋ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ರಿಟರ್ನ್ ಗಿಫ್ಟ್ ಅಂಗಡಿಗಳಲ್ಲಿ ಹೊಳೆಯೋ ತಟ್ಟೆ, ಕುಂಕುಮ ಬಟ್ಟಲು, ದೀಪಗಳನ್ನ 'ಜರ್ಮನ್ ಸಿಲ್ವರ್' ಅಂತ ಮಾರ್ತಾರೆ. ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಎಲ್ಲೂ ಬೆಳ್ಳಿ ಇಲ್ಲ. ತಾಮ್ರ, ಸತು, ನಿಕ್ಕಲ್ ಸೇರಿಸಿದ ಲೋಹ ಅದು. ತಟ್ಟೆಗೆ ಪರವಾಗಿಲ್ಲ, ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಓಲೆ, ಸರದಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಬರುತ್ತೆ. ಅದನ್ನ ಬೆಳ್ಳಿ ಅಂತ ಹೇಳಿ ಕೊಟ್ಟರೆ, ಅವಳು ಯಾವತ್ತೋ ಕಷ್ಟಕ್ಕೆ ಅಡ ಇಡೋಕೆ ಹೋದಾಗ ಅಂಗಡಿಯವನ ಮುಂದೆ ಅವಮಾನ ಆಗೋದು ಅವಳಿಗೆ. 'ಒಂದು ಗ್ರಾಂ ಗೋಲ್ಡ್' ಅನ್ನೋದೂ ಮೇಲೆ ಚಿನ್ನದ ಲೇಪನ ಇರೋ ಒಡವೆ, ಚಿನ್ನ ಅಲ್ಲ.

ಬಿದರಿ: ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸೋ ಬೀದರಿನ ಕೆಲಸ. ಸತು ಮತ್ತು ತಾಮ್ರದ ಎರಕಕ್ಕೆ ಬೀದರ್ ಕೋಟೆಯ ಮಣ್ಣು ಬಳಸಿ ಆ ಕಪ್ಪು ಬಣ್ಣ ತರ್ತಾರೆ. ಓಲೆ, ಪೆಂಡೆಂಟು, ಸಣ್ಣ ಡಬ್ಬಿ ಸಿಗುತ್ತೆ. ಎಂ.ಜಿ. ರಸ್ತೆಯಲ್ಲಿರೋ ರಾಜ್ಯ ಸರ್ಕಾರದ ಕಾವೇರಿ ಕರಕುಶಲ ಮಳಿಗೆಯಲ್ಲಿ ಬಿದರಿ, ಚನ್ನಪಟ್ಟಣ, ಗಂಧದ ಸಾಮಾನು ಎಲ್ಲ ಒಂದೇ ಕಡೆ ನೋಡಬಹುದು.

ಗಂಧದ ಸೋಪು: ನಗಬೇಡಿ. ನಮ್ಮ ಪಶ್ಚಿಮ ಬೆಂಗಳೂರಿನದ್ದೇ ಅಂತ ಹೇಳಿಕೊಳ್ಳೋ ಉಡುಗೊರೆ ಇದ್ದರೆ ಇದೇ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಶುರುವಾದ ಉದ್ಯಮ. ಅದರ ಫ್ಯಾಕ್ಟರಿ ಈಗ ಇರೋ ಜಾಗದಲ್ಲಿ ಮೆಟ್ರೋ ಸ್ಟೇಷನ್ನಿಗೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಹೆಸರು. ಊರು ಬಿಟ್ಟು ಹೈದರಾಬಾದ್, ಪುಣೆ ಅಂತ ಕೆಲಸಕ್ಕೆ ಹೋದ ಗೆಳತಿಗೆ ಗಂಧದ ಸೋಪು, ಊದುಬತ್ತಿ, ಒಂದು ಹಿಡಿ ಮನೆ ಕಾಫಿಪುಡಿ ಸೇರಿಸಿ ಒಂದು ಬಟ್ಟೆ ಚೀಲದಲ್ಲಿ ಕೊಟ್ಟರೆ ಅವಳು ನೆನೆಸಿಕೊಳ್ತಾಳೆ.

ಅವಳು ಎಲ್ಲಿರ್ತಾಳೆ ಅಂತ ನೋಡಿ ಕೊಡಿ

ವಿಜಯನಗರ, ಅತ್ತಿಗುಪ್ಪೆ, ಹಂಪಿನಗರ ಅಂದ್ರೆ ಕೆಎಎಸ್, ಐಎಎಸ್ ಕೋಚಿಂಗಿಗೆ ಬಂದ ಹುಡುಗಿಯರ ಪಿಜಿಗಳು ಸಾಲುಸಾಲು. ಪಿಜಿಯಲ್ಲಿ ಇರೋಳಿಗೆ ಒಂದು ಮಂಚ, ಅರ್ಧ ಕಬೋರ್ಡು. ಅವಳಿಗೆ ದೊಡ್ಡ ದೀಪದ ಕಂಬ ಕೊಟ್ಟರೆ ಎಲ್ಲಿಡ್ತಾಳೆ? ಒಳ್ಳೇ ಬ್ಯಾಗು, ಗಟ್ಟಿ ಛತ್ರಿ, ಸ್ಟೀಲಿನ ಬಿಸಿನೀರಿನ ಬಾಟಲಿ, ಅವಳು ತಗೋಬೇಕು ಅಂದ್ಕೊಂಡು ದುಬಾರಿ ಅಂತ ಬಿಟ್ಟ ಒಂದು ಪುಸ್ತಕ. ಹೊಸದಾಗಿ ಮನೆ ಮಾಡಿದವಳಿಗೆ ಪಾತ್ರೆ ಸರಿ. ಮಗು ಇರೋಳಿಗೆ ಮಗುವಿಗೂ ಒಂದು ಚನ್ನಪಟ್ಟಣದ ಗೊಂಬೆ ಸೇರಿಸಿ. ಮುಸ್ಲಿಂ, ಕ್ರೈಸ್ತ ಗೆಳತಿಗೆ ಕುಂಕುಮ ಭರಣಿ ಕೊಟ್ಟರೆ ಪ್ರೀತಿಯಿಂದ ಇಟ್ಟುಕೊಳ್ತಾಳೆ, ಬಳಸೋಕೆ ಆಗಲ್ಲ ಅಷ್ಟೇ. ಅದೇ ಚನ್ನಪಟ್ಟಣದ್ದು ಒಂದು ಒಡವೆ ಡಬ್ಬಿ ಕೊಟ್ಟರೆ ದಿನಾ ಕೈಗೆ ಬರುತ್ತೆ.

ಎಲ್ಲರಿಗೂ ಒಂದೇ ಕೊಡಬೇಕಾ? ಬೆಲೆ ಒಂದೇ ಇರಲಿ, ವಸ್ತು ಬೇರೆ ಇದ್ದರೆ ತಪ್ಪಿಲ್ಲ. ಆದರೆ ಒಬ್ಬಳಿಗೆ ಬೆಳ್ಳಿ, ಇನ್ನೊಬ್ಬಳಿಗೆ ಸ್ಟೀಲು ಅಂತ ಒಂದೇ ರೂಮಿನಲ್ಲಿ ಕೊಟ್ಟರೆ ಮಾತು ಬರುತ್ತೆ. ತೀರಾ ಹತ್ತಿರದವಳಿಗೆ ಹೆಚ್ಚು ಕೊಡೋ ಆಸೆ ಇದ್ದರೆ ಅದನ್ನ ಬೇರೆ ದಿನ, ಒಬ್ಬಳಿಗೇ ಕೊಡಿ.

ದುಡ್ಡು ಕೊಡಬಹುದಾ ಅಂತ ಕೇಳೋರಿದ್ದಾರೆ. ಗೆಳತಿಗೆ ಕವರ್ ಕೊಟ್ಟರೆ ಕೂಲಿ ಕೊಟ್ಟ ಹಾಗೆ ಆಗುತ್ತೆ. ಆದರೆ ಮೆಹಂದಿ ಹಾಕೋಕೆ ಬಂದ ಪಕ್ಕದ ಮನೆ ಕಾಲೇಜು ಹುಡುಗಿ, ರಂಗೋಲಿ ಬಿಟ್ಟ ಹುಡುಗಿ, ಇವರಿಗೆ 501, 1,001 ಅಂತ ಕವರಿನಲ್ಲಿ ಕೊಡೋದೇ ಸರಿ. ಅವರಿಗೆ ಬೇಕಾಗಿರೋದೂ ಅದೇ, 'ನಮ್ಮ ಹುಡುಗಿ ತಾನೇ' ಅಂತ ಪುಕ್ಕಟೆ ಮಾಡಿಸ್ಕೊಳ್ಳೋದು ಬೇಡ.

ಇವು ಬೇಡ

ಬ್ಲೌಸ್ ಪೀಸು. ಕೊಟ್ಟ ಬ್ಲೌಸ್ ಪೀಸು ಯಾರ ಮನೆಯಲ್ಲೂ ಹೊಲಿಸಿದ ಉದಾಹರಣೆ ಕಮ್ಮಿ. ಅದು ಗೌರಿ ಹಬ್ಬ, ವರಮಹಾಲಕ್ಷ್ಮಿ ಅಂತ ಮನೆಯಿಂದ ಮನೆಗೆ ಸುತ್ತಿ ಒಂದು ದಿನ ಕೊಟ್ಟವರ ಮನೆಗೇ ವಾಪಸ್ ಬರುತ್ತೆ. ತಾಂಬೂಲದ ಜೊತೆ ಇರಲಿ, ಉಡುಗೊರೆ ಅಂತ ಬೇಡ. ಹೆಣ್ಣು ಗಂಡಿನ ಫೋಟೋ ಇರೋ ಗೋಡೆ ಗಡಿಯಾರ, ಕಪ್ಪು, ಅದನ್ನ ಬೇರೆಯವರ ಮನೆಯಲ್ಲಿ ಯಾರು ನೇತು ಹಾಕ್ತಾರೆ? ಸೆಂಟು, ಕ್ರೀಮು ಅವರವರ ಚರ್ಮಕ್ಕೆ, ಮೂಗಿಗೆ ಬಿಟ್ಟದ್ದು. 'ಬ್ರೈಡ್ ಟೀಮ್' ಅಂತ ಪ್ರಿಂಟ್ ಹಾಕಿಸಿದ ಟೀ ಶರ್ಟು ಒಂದು ದಿನದ ಫೋಟೋಗೆ ಮಾತ್ರ, ಆಮೇಲೆ ಒರೆಸೋ ಬಟ್ಟೆ.

ಹೆಸರು ಕೆತ್ತಿಸೋದಾದ್ರೆ ಅವಳ ಹೆಸರು ಕೆತ್ತಿಸಿ, ನಿಮ್ಮದಲ್ಲ. ಹಿಂದೆ ಸ್ಟೀಲ್ ಪಾತ್ರೆ ಮೇಲೆ ಕೊಟ್ಟವರ ಹೆಸರು, ಮದುವೆ ತಾರೀಖು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿ ಕೊಡ್ತಾ ಇದ್ದರು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ಆ ಲೋಟ ಇನ್ನೂ ಓಡ್ತಾ ಇದೆ. ಪಾತ್ರೆ ಅಂಗಡಿಗಳಲ್ಲಿ ಈಗಲೂ ಕೆತ್ತಿ ಕೊಡ್ತಾರೆ, ಕನ್ನಡದಲ್ಲೇ ಕೆತ್ತಿಸಬಹುದು. ಕಾಗುಣಿತ ಒಂದು ಚೀಟಿಯಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ತಪ್ಪಾಗುತ್ತೆ, ಕೆತ್ತಿದ್ದನ್ನ ಅಳಿಸೋಕಾಗಲ್ಲ.

ಜೊತೆಗೆ ಒಂದು ಚೀಟಿ ಇರಲಿ. ಥ್ಯಾಂಕ್ಯೂ ಅಂತ ಅಚ್ಚು ಹಾಕಿಸಿದ್ದಲ್ಲ, ಕೈಯಲ್ಲಿ ಬರೆದ ಎರಡೇ ಸಾಲು. ಅವಳು ಮಾಡಿದ ಒಂದು ಕೆಲಸ ಹೆಸರು ಹಿಡಿದು ಬರೀರಿ. 'ರಾತ್ರಿ ಎರಡಕ್ಕೆ ಹೂವು ಬರಲಿಲ್ಲ ಅಂತ ಮಾರ್ಕೆಟ್ಟಿಗೆ ಹೋದವಳು ನೀನು' ಅಂತ ಬರೆದರೆ ಅದನ್ನ ಅವಳು ಪರ್ಸಿನಲ್ಲಿ ಇಟ್ಟುಕೊಳ್ತಾಳೆ. ಮದುವೆ ದಿನದ ಕೆಲಸಕ್ಕೆ ಆದರೆ ಈ ಚೀಟಿ ಆಮೇಲೆ ಕಳಿಸಬೇಕಾಗುತ್ತೆ. ಪರವಾಗಿಲ್ಲ, ಆಲ್ಬಮ್ಮು ಬಂದಾಗ ಅವಳು ಇರೋ ಒಂದು ಫೋಟೋ ಪ್ರಿಂಟ್ ಹಾಕಿಸಿ ಜೊತೆಗೆ ಕಳಿಸಿ.

ಯಾವಾಗ, ಎಲ್ಲಿ ಖರೀದಿ

ಆಷಾಢದಲ್ಲಿ ಮದುವೆ ಇಲ್ಲ, ಬಟ್ಟೆ ಅಂಗಡಿಗಳಲ್ಲಿ ಡಿಸ್ಕೌಂಟು. ಶ್ರಾವಣದ ಮದುವೆಗೆ ಸೀರೆ ತಗೊಳ್ಳೋಕೆ ಅದೇ ಒಳ್ಳೇ ಟೈಮು. ಹಾಗೇ ಧನುರ್ಮಾಸದಲ್ಲಿ ತಗೊಂಡಿಟ್ಟರೆ ಸಂಕ್ರಾಂತಿ ಆದ ಮೇಲಿನ ಮದುವೆಗಳಿಗೆ ಆಗುತ್ತೆ, ಟೈಲರೂ ಆಗ ಬಿಡುವಾಗಿರ್ತಾರೆ.

ಒಂದೇ ಥರದ್ದು ಹತ್ತು ಹನ್ನೆರಡು ಬೇಕಾದ್ರೆ ಚಿಕ್ಕಪೇಟೆ, ಅವೆನ್ಯೂ ರಸ್ತೆ, ಬಳೇಪೇಟೆ ಕಡೆ ಹೋಗಬಹುದು. ಹೊಸಹಳ್ಳಿ ಸ್ಟೇಷನ್ನಿನಲ್ಲಿ ನೇರಳೆ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ. ಭಾನುವಾರ ಅಲ್ಲಿ ಬಹಳಷ್ಟು ಹೋಲ್‌ಸೇಲ್ ಅಂಗಡಿ ಮುಚ್ಚಿರುತ್ತೆ. ನಾಲ್ಕೈದು ಮಾತ್ರ ಸಾಕು ಅನ್ನೋರು ಅಷ್ಟು ದೂರ ಹೋಗೋ ಅಗತ್ಯ ಇಲ್ಲ. ವಿಜಯನಗರ ಮೆಟ್ರೋ ಹತ್ತಿರ 2024ರಲ್ಲಿ ಶುರುವಾದ ಎಸಿ ಇರೋ ಪಾಲಿಕೆ ಬಜಾರ್, ಅದರ ಸುತ್ತಲಿನ ಅಂಗಡಿಗಳು, ಮಾರೇನಹಳ್ಳಿಯದ್ದೇ ಫ್ಯಾನ್ಸಿ ಸ್ಟೋರುಗಳಲ್ಲಿ ನೋಡಬಹುದು. ಪರಿಚಯದ ಅಂಗಡಿಯಲ್ಲಿ ಒಂದು ಲಾಭ ಏನಂದ್ರೆ ಬಳೆ ಸೈಜು ಆಗಲಿಲ್ಲ ಅಂದ್ರೆ ಮಾರನೇ ದಿನ ಬದಲಾಯಿಸಿ ಕೊಡ್ತಾರೆ. ಚಿಕ್ಕಪೇಟೆಯಲ್ಲಿ ಉಳಿಸಿದ 20 ರೂಪಾಯಿಗೆ ಇನ್ನೊಂದು ಸಲ ಹೋಗಿಬರೋಕಾಗಲ್ಲ.

ಅಂಗಡಿಯವರಿಗೆ

ಈ ಖರೀದಿ ತಾಂಬೂಲದ ಬ್ಯಾಗಿನ ಹಾಗೆ ನೂರಾರು ಲೆಕ್ಕದಲ್ಲಿ ಬರಲ್ಲ. ನಾಲ್ಕು, ಆರು, ಎಂಟು ಅಂತ ಬರುತ್ತೆ. 'ಮಿನಿಮಮ್ 25 ತಗೋಬೇಕು' ಅಂದ್ರೆ ಗಿರಾಕಿ ಆನ್‌ಲೈನಿಗೆ ಹೋಗ್ತಾರೆ. ಆರು ಪೀಸಿನ ಬಾಕ್ಸ್, ಬಟ್ಟೆ ಚೀಲ, ಹೆಸರು ಬರೆಯೋ ಖಾಲಿ ಚೀಟಿ ಇಟ್ಟುಕೊಂಡರೆ ಮದುವೆ ಹೆಣ್ಣು ನೇರವಾಗಿ ನಿಮ್ಮಲ್ಲಿಗೇ ಬರ್ತಾಳೆ. ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಹಾಗಾಗಿ ಬಟ್ಟೆ ಚೀಲ ಹೇಗೂ ಬೇಕು.

ಜರ್ಮನ್ ಸಿಲ್ವರ್ ಮಾರೋರು ಬಿಲ್ಲಿನಲ್ಲಿ ಅದೇ ಹೆಸರು ಬರೀರಿ, ಬರೀ 'ಸಿಲ್ವರ್' ಅಂತ ಬೇಡ. ತಿಂಡಿ, ಡ್ರೈ ಫ್ರೂಟ್ಸ್ ಹಾಕಿ ಗಿಫ್ಟ್ ಬಾಕ್ಸ್ ಕಟ್ಟೋರು, ಮನೆಯಲ್ಲಿ ಮಾಡಿದ್ದಾದರೂ, ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿ ನಂಬರನ್ನ ಡಬ್ಬದ ಮೇಲೆ ಹಾಕಬೇಕು.

ಬಿಲ್ಲಿನ ಕೆಳಗೆ 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಅಚ್ಚು ಹಾಕಿಸೋ ಅಭ್ಯಾಸ ಬಹಳ ಕಡೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಲ್ಲ ಅನ್ನೋದು ಅನುಚಿತ ವ್ಯಾಪಾರ ಕ್ರಮ. ಬಣ್ಣ ಹಿಡಿಸಲಿಲ್ಲ ಅನ್ನೋದು ದೋಷ ಅಲ್ಲ, ಸೀರೆ ಹರಿದಿರೋದು, ಬಣ್ಣ ಬಿಡೋದು ದೋಷ. ಗಿರಾಕಿಗಳು ಬಿಲ್ಲು ಇಟ್ಟುಕೊಂಡಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಉಡುಗೊರೆ ಕೊಡುವಾಗ ಬಿಲ್ಲನ್ನ ಬಾಕ್ಸಿನೊಳಗೆ ಬಿಡಬೇಡಿ, ಮನೆಯಲ್ಲಿ ಮುಯ್ಯಿ ಪುಸ್ತಕದ ಜೊತೆ ಇಟ್ಟುಕೊಳ್ಳಿ.